ಕೆನ್ನೆಯ ಗುಳಿ

ಯಲಬುರ್ಗಾದ ಬಳಿ, ಗುಡ್ಡದಂಚಿನ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಶೇಖರಮ್ಮನ ಮೇಲೆ ಕರಡಿ ಎರಗಿತು. ಒಂದೇ ಏಟಿಗೆ ಎಡಗೆನ್ನೆ ಹಲ್ಲು ಕಾಣುವಂತೆ ಸೀಳಿ, ಮಾಂಸ ಕಿತ್ತುಬಂತು. ಗಂಡ ಗುರುಬಸವ ಓಡಿಬಂದು ಕೊಡಲಿಯಿಂದ ಹೊಡೆದ. ಕರಡಿ ತಿರುಗಿ ಅವನ ತೊಡೆಗೆ ಬಾಯಿ ಹಾಕಿತು. ಆಗ ಶೇಖರಮ್ಮ ರಕ್ತದಲ್ಲೇ ತೆವಳಿ ಬಂದು, ಕಲ್ಲೆತ್ತಿ ಅದರ ಮೂತಿಯನ್ನು ಜಜ್ಜಿದಳು. ಕೊನೆಗೆ ಅದು ಪೊದೆಯೊಳಗೆ ಓಡಿತು.

ಗುರುಬಸವನ ಗಾಯ ಮಾಯಿತು. ಶೇಖರಮ್ಮನ ಹರಿದ ಚರ್ಮವನ್ನು ಹೊಲಿದಿದ್ದರೂ, ಒಳಗೆ ಮಾಂಸವಿಲ್ಲದೆ ಕೆನ್ನೆ ಗುಳಿಬಿದ್ದಿತ್ತು. ಹುಬ್ಬಳ್ಳಿಯ ಡಾಕ್ಟರ್ ರೂಪಾ ಆ ಗುಳಿಗೆ ಸೂಜಿಯಿಂದ ಜೆಲ್ ತುಂಬಲು ನಿರ್ಧರಿಸಿದರು.

"ಇದು ಒಳಗ ಉಳಿತೈತೇನ್ರಿ?" ಗುರುಬಸವ ಕೇಳಿದ.

"ಇಲ್ರಿ. ಇದನ್ನ ಹಿಡಕೊಂಡು ಅವರ ಮಾಂಸ ಬೆಳಿತೈತಿ. ಅದು ಬೆಳದಂಗ ಇದು ಕರಗಿ ಹೋಗ್ತೈತಿ."

ಡಾಕ್ಟರ್ ಕೆನ್ನೆ ಮುಟ್ಟಿದ್ದೇ ತಡ, ಶೇಖರಮ್ಮ ಚೀರಿ ಅವರ ಮುಖಕ್ಕೆ ಬಡಿದಳು. ಕನ್ನಡಕ ಒಡೆದು ಅವರ ಹುಬ್ಬಿನಿಂದ ರಕ್ತ ಇಳಿಯಿತು.

"ತಪ್ಪಾತ್ರಿ," ಎಂದು ಅವಳು ಹೇಳಿದಳು. "ಮತ್ತ ಅದು ಬಂತು ಅನಿಸ್ತು."

"ಇರ್ಲಿ ಬಿಡ್ರಿ. ನಿಮಗ ಧೈರ್ಯ ಬಂದಾಗ ಹೇಳ್ರಿ," ಎಂದು ರೂಪಾ ಹುಬ್ಬಿಗೆ ಹತ್ತಿ ಒತ್ತಿಕೊಂಡು ಕುಳಿತರು.

ಬಹಳ ಹೊತ್ತಿನ ನಂತರ ಶೇಖರಮ್ಮ ತಾನಾಗಿಯೇ ಮುಖ ಮುಂದೆ ಚಾಚಿದಳು.

ಬೇಸಿಗೆಯ ಹೊತ್ತಿಗೆ ಗುಳಿ ತುಂಬಿಕೊಂಡಿತು. ನಗು ಮಾತ್ರ ಒಂದೇ ಕಡೆ ಅರಳುತ್ತಿತ್ತು.