ಅತ್ತೆ ಅಳಿಯ ಅಗೆದ ನೆಲ

ಜಯಪ್ರಕಾಶನೂ ಅವನ ಅತ್ತೆ ಅನ್ನಪೂರ್ಣವ್ವಳೂ ಎದುರುಬದುರು ಕೂತು ಮಾತಾಡಿದವರಲ್ಲ. ಹುಬ್ಬಳ್ಳಿಯಲ್ಲಿ ಅಳಿಯ ಬಂದನೆಂದರೆ ಆಕೆ ಸೆರಗು ಹೊದ್ದು ಒಳಗೆ ಹೋಗುತ್ತಿದ್ದಳು. ಊಟಕ್ಕೆ ಏಳಿ ಅನ್ನುವುದಿದ್ದರೂ ಮಗಳ ಕೈಲೇ ಹೇಳಿಸುತ್ತಿದ್ದಳು. ಜರ್ಮನಿಯ ಎರ್ಲಾಂಗೆನ್ ಊರಿನ ಎರಡು ಕೋಣೆಯ ಮನೆಯಲ್ಲಿ ಒಳಗೆ ಹೋಗಲು ಜಾಗವೇ ಇರಲಿಲ್ಲ.

ಮಗಳು ಊರ್ಮಿಳಾ ಜರ್ಮನಿ ಸರ್ಕಾರ ಹೊಸದಾಗಿ ಕೊಡತೊಡಗಿದ್ದ ಗ್ರೀನ್ ಕಾರ್ಡಿನ ಮೇಲೆ ಬಂದ ಕಂಪ್ಯೂಟರ್ ಇಂಜಿನಿಯರ್. ಜಯಪ್ರಕಾಶ ಬ್ಯಾಂಕಿನ ಕೆಲಸ ಬಿಟ್ಟು ಹೆಂಡತಿಯ ಹಿಂದೆ ಬಂದವನು. ಮೊದಲ ಒಂದು ವರ್ಷ ಅವನಿಗೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ಚೊಚ್ಚಲ ಹೆರಿಗೆ ಎಂದು ಅನ್ನಪೂರ್ಣವ್ವ 2002ರ ಫೆಬ್ರವರಿ ಕೊನೆಗೆ ಮೂರು ತಿಂಗಳ ವೀಸಾ ಮೇಲೆ ಬಂದಳು. ಬರುವಾಗ ಡಬ್ಬಿ ತುಂಬ ಅಂಟಿನುಂಡೆ, ಕೈಯಾರೆ ಹೊಲಿದ ಒಂದು ಪುಟ್ಟ ಕೌದಿ, ಕೂಸಿನ ತಲೆಗೆ ಖಣದ ಬಟ್ಟೆಯ ಒಂದು ಕುಂಚಿಗೆ ತಂದಿದ್ದಳು.

ಮಾರ್ಚ್ ಎರಡನೇ ವಾರ ಹೆಣ್ಣು ಕೂಸು ಹುಟ್ಟಿತು. ಹುಟ್ಟುವಾಗಲೇ ಜೀವ ಇರಲಿಲ್ಲ. ಊರ್ಮಿಳಾ ಔಷಧಿಯ ಮಂಪರಿನಲ್ಲಿದ್ದಳು. ತಾಯಿಗೆ ತೋರಿಸೋಣವೇ ಎಂದು ದಾದಿ ಎರಡು ಸಲ ಕೇಳಿದಳು. ನೋಡಿದರೆ ಮರೆಯುವುದು ಕಷ್ಟ, ಬೇಡ ಎಂದು ಅನ್ನಪೂರ್ಣವ್ವ ತಲೆಯಾಡಿಸಿದಳು. ಜಯಪ್ರಕಾಶ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಮಣ್ಣು ಮಾಡುವ ಕೆಲಸವನ್ನು ಆಸ್ಪತ್ರೆಯವರಿಗೇ ಒಪ್ಪಿಸುವ ಕಾಗದಕ್ಕೂ ಅವನೇ ಸಹಿ ಹಾಕಿದ. ಅಂಥ ಕೂಸುಗಳನ್ನೆಲ್ಲ ಒಂದೇ ಕಡೆ ಸೇರಿಸಿ ಹೂಳುತ್ತಾರೆಂದು ಆಮೇಲೆ ಗೊತ್ತಾಯಿತು.

ನಾಲ್ಕು ವಾರಕ್ಕೆ ಊರ್ಮಿಳಾ ಆಫೀಸಿಗೆ ಹೊರಟುಬಿಟ್ಟಳು. ಬೇಡವೆಂದರೆ ಕೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ಹೋದರೆ ಕತ್ತಲಾದ ಮೇಲೆಯೇ ಬರುವುದು. ಅಡುಗೆಮನೆಯಲ್ಲಿ ಅತ್ತೆ, ಕಿಟಕಿಯ ಪಕ್ಕ ಅಳಿಯ, ನಡುವೆ ಒಂದು ತೆರೆದ ಬಾಗಿಲು.

ಆಫೀಸಿನ ಹಿರಿಯ ಹೆಂಗಸೊಬ್ಬಳು ಊರ ಹೊರಗಿನ ತನ್ನ ಬಾಡಿಗೆ ತೋಟ ಬಿಡುವವಳಿದ್ದಳು. ರೈಲು ಹಳಿಯ ಪಕ್ಕದ ನೆಲವನ್ನು ತುಂಡು ತುಂಡು ಮಾಡಿ, ಬೇಲಿ ಹಾಕಿ, ಸಂಘವೊಂದು ಬಾಡಿಗೆಗೆ ಕೊಡುತ್ತಿತ್ತು, ಕ್ಲೈನ್‌ಗಾರ್ಟನ್ ಅನ್ನುತ್ತಾರೆ. ಊರ್ಮಿಳಾ ತನ್ನ ಹೆಸರಿಗೆ ಬರೆಸಿಕೊಂಡು ಬೀಗದ ಕೈ ತಂದು ಮೇಜಿನ ಮೇಲಿಟ್ಟಳು. ಇಬ್ಬರೂ ದಿನವಿಡೀ ಮನೆಯಲ್ಲಿ ಕೂತು ತನ್ನ ದಾರಿ ಕಾಯುವುದು ಬೇಡ ಅಂದಳು. ತಾನು ಮಾತ್ರ ಒಂದು ದಿನವೂ ಅಲ್ಲಿಗೆ ಹೋಗಲಿಲ್ಲ.

ಏಪ್ರಿಲ್ ಚಳಿಯಲ್ಲಿ ಅತ್ತೆ ಅಳಿಯ ಕೆಲಸ ಶುರುಮಾಡಿದರು. ಎರಡು ವರ್ಷ ಯಾರೂ ಮುಟ್ಟದ ನೆಲ. ಮುಳ್ಳುಬಳ್ಳಿ ಮೊಣಕಾಲೆತ್ತರ ಬೆಳೆದಿತ್ತು. ಅಗೆದಲ್ಲೆಲ್ಲ ಒಡೆದ ಗಾಜು, ತುಕ್ಕು ಹಿಡಿದ ತಂತಿ, ಬೆರಳು ದಪ್ಪದ ಬೇರು. ಅನ್ನಪೂರ್ಣವ್ವ ಸೀರೆ ಎತ್ತಿ ಕಟ್ಟಿ, ಮಗಳ ಹಳೇ ಬೂಟು ಹಾಕಿಕೊಂಡು ಕಳೆ ಕೀಳುತ್ತಿದ್ದಳು. ಅವನು ಸಲಿಕೆ ಹಿಡಿದು ಮುಂದೆ ಅಗೆಯುತ್ತ ಹೋಗುತ್ತಿದ್ದ. ಮೂರನೇ ದಿನ ಆಕೆ ಮೊದಲ ಬಾರಿಗೆ ಅವನೊಂದಿಗೆ ನೇರವಾಗಿ ಮಾತಾಡಿದಳು. ಸಲಿಕೆ ಅಷ್ಟು ಬಿಗಿಯಾಗಿ ಹಿಡಿದರೆ ಅಂಗೈಗೆ ಬೊಕ್ಕೆ ಬರುತ್ತದೆ ಅಂದಳು. ಬೊಕ್ಕೆ ಆಗಲೇ ಬಂದಿತ್ತು. ಅಲ್ಲಿಂದ ಮಾತು ಸಾಗಿತು. ಬಟಾಟೆಗೆ ಎಷ್ಟು ಆಳ, ಮೆಂತ್ಯೆಗೆ ಈ ಬಿಸಿಲು ಸಾಕೇ, ಇಂಥವೇ. ಕೂಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಟಾಟೆ ಹೂಳುವ ದಿನ ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಕೌದಿ, ಕುಂಚಿಗೆ. ಊರ್ಮಿಳಾ ಕಪಾಟಿನ ಮುಂದೆ ನಿಂತು ಅವನ್ನು ಮುಖಕ್ಕೆ ಒತ್ತಿಕೊಳ್ಳುವುದನ್ನು ಇಬ್ಬರೂ ನೋಡಿದ್ದರು.

"ಕೂಸಿನ ಅರಿವಿ ಮನ್ಯಾಗ ಇಟ್ಕೋಬಾರ್ದ್ರಿ. ಅಕಿ ಮುಂದ ಹೆಂಗ ಬದುಕಬೇಕು? ಮಣ್ಣಿಗೆ ಕೊಟ್ಟುಬಿಡೂಣು" ಅಂದಳು.

ಊರ್ಮಿಳಾಳನ್ನು ಕೇಳಬೇಕು ಅನ್ನುವುದು ಜಯಪ್ರಕಾಶನಿಗೆ ಗೊತ್ತಿತ್ತು. ಆದರೆ ಆಗಾಗ ಕಪಾಟಿನ ಮುಂದೆ ನಿಲ್ಲುತ್ತಿದ್ದ ಆ ಬೆನ್ನನ್ನು ನೋಡಿ ಅವನೂ ಸೋತಿದ್ದ. ಸಾಲಿನ ತುದಿಯಲ್ಲಿ ಆಳಕ್ಕೆ ಅಗೆದ, ಪೊಟ್ಟಣ ಇಟ್ಟ, ಮಣ್ಣೆಳೆದ, ಮೇಲೆ ಬಟಾಟೆ ಹಾಕಿದ. ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಕಪಾಟು ಬರಿದಾದದ್ದು ಊರ್ಮಿಳಾಳ ಕಣ್ಣಿಗೆ ಬೀಳಲು ಎರಡು ವಾರ ಹಿಡಿಯಿತು. ಅಷ್ಟೂ ದಿನ ಅವಳು ಆಫೀಸಿನಿಂದ ಬಂದವಳೇ ಮಲಗಿಬಿಡುತ್ತಿದ್ದಳು, ಕಪಾಟು ತೆರೆದಿರಲಿಲ್ಲ. ಮರೆಯುತ್ತಿದ್ದಾಳೆ ಎಂದು ಇವರು ಸಮಾಧಾನ ಪಟ್ಟುಕೊಂಡಿದ್ದರು. ಮೇ ತಿಂಗಳ ಒಂದು ಗುರುವಾರ, ರಜೆಯ ದಿನ, ಅವಳು ತಾಯಿಯನ್ನು ಕೇಳಿದಳು. ಅನ್ನಪೂರ್ಣವ್ವ ಸುಳ್ಳು ಹೇಳುವವಳಲ್ಲ, ತೋಟದಲ್ಲಿ ಹೂತೆವು ಅಂದಳು. ಊರ್ಮಿಳಾ ತೋಟದ ಬೀಗದ ಕೈ ಎತ್ತಿಕೊಂಡು ಸೈಕಲ್ ಹತ್ತಿ ಹೋದಳು.

ಜಯಪ್ರಕಾಶ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವಷ್ಟರಲ್ಲಿ ಅರ್ಧ ತೋಟ ಅಗೆದು ಬಿದ್ದಿತ್ತು. ತೋಟದ ಯಾವ ಕಡೆ ಹೂತಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ. ಆಗಷ್ಟೇ ಚಿಗುರಿದ್ದ ಬಟಾಟೆ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಬೇಲಿಯಾಚೆ ರಜೆಗೆಂದು ಬಂದಿದ್ದ ನೆರೆಯವರು ಊಟ ನಿಲ್ಲಿಸಿ ನೋಡುತ್ತಿದ್ದರು. ಅವನು ಸಾಲಿನ ತುದಿ ತೋರಿಸಿ ಸಲಿಕೆಗೆ ಕೈ ಹಾಕಿದ. ಅವಳು ಸಲಿಕೆ ಬಿಡಲಿಲ್ಲ. ಸ್ವಲ್ಪ ಅಗೆದು, ಬಟ್ಟೆಗೆ ತಾಕೀತೆಂದು ಅದನ್ನು ಎಸೆದು, ಮೊಣಕಾಲೂರಿ ಕೈಯಿಂದಲೇ ಮಣ್ಣು ಬಗೆದಳು.

ಕೌದಿ ತೊಯ್ದು ಭಾರವಾಗಿತ್ತು. ಕುಂಚಿಗೆಯ ಕೆಂಪು ಬಣ್ಣ ಬಿಟ್ಟು ಕೌದಿಗೆಲ್ಲ ಹತ್ತಿತ್ತು.

"ನಿನ್ನ ಸಲುವಾಗೇ ಮಾಡಿದ್ನವಾ" ಎಂದು ಅನ್ನಪೂರ್ಣವ್ವ ಅಳತೊಡಗಿದಳು.

"ಕೂಸಿನ ಮಾರಿನೂ ತೋರಸಲಿಲ್ಲ ನೀವು ನನಗ. ನಾ ಹಡದೀನಿ ಅನ್ನೂದಕ್ಕ ಇದೊಂದ ಇತ್ತು" ಅಂದಳು ಊರ್ಮಿಳಾ. ಆಮೇಲೆ ಗಂಡನ ಕಡೆ ತಿರುಗಿದಳು. "ಅವ್ವಗ ತಿಳೀಲಿಲ್ಲ, ಇರ್ಲಿ. ನಿಮಗ ತಿಳೀತಿತ್ತು."

ಅವಳು ಎಸೆದಿದ್ದ ಸಲಿಕೆಯನ್ನು ಅವನು ಎತ್ತಿ ಬೇಲಿಗೆ ಒರಗಿಸಿದ.

ಉಳಿದ ಮೂರು ವಾರ ಊರ್ಮಿಳಾ ತಾಯಿ ಬಡಿಸಿದ್ದನ್ನು ಉಂಡಳು, ಕೇಳಿದ್ದಕ್ಕೆ ಹೂಂ ಅಂದಳು. ಅನ್ನಪೂರ್ಣವ್ವ ಹೊರಟ ದಿನ ವಿಮಾನ ನಿಲ್ದಾಣಕ್ಕೂ ಬಂದಳು. ತಾಯಿ ತಲೆ ಸವರಿದಾಗ ಕೊಸರಿಕೊಳ್ಳಲಿಲ್ಲ, ಹತ್ತಿರಕ್ಕೂ ಹೋಗಲಿಲ್ಲ.

ತೋಟ ಹಾಗೇ ಬಿತ್ತು. ಜುಲೈಯಲ್ಲಿ ಸಂಘದ ಅಧ್ಯಕ್ಷರು ಕಾಗದ ಬರೆದರು: ಕಳೆ ಪಕ್ಕದವರ ನೆಲಕ್ಕೆ ಹಬ್ಬುತ್ತಿದೆ, ಗುಂಡಿ ಮುಚ್ಚಿ. ಜಯಪ್ರಕಾಶ ಒಬ್ಬನೇ ಹೋಗಿ ನಾಲ್ಕು ದಿನ ನೆಲ ಸಮ ಮಾಡಿ ಬಂದ. ಏನನ್ನೂ ಬಿತ್ತಲಿಲ್ಲ.

ಆಗಸ್ಟಿನಲ್ಲಿ ಊರ್ಮಿಳಾ ಹ್ಯಾಂಬರ್ಗಿನಲ್ಲಿ ಬೇರೆ ಕೆಲಸ ಹಿಡಿದಳು. ಅಲ್ಲಿಗೆ ತಾನೊಬ್ಬಳೇ ಹೋಗುವುದಾಗಿ, ಅವನು ಸ್ವಲ್ಪ ದಿನ ಊರಿಗೆ ಹೋಗಿರಲಿ ಎಂದು ಹೇಳಿದಳು. ಎಷ್ಟು ದಿನ ಎಂದು ಅವನು ಕೇಳಲಿಲ್ಲ. ಅವನು ಈ ದೇಶದಲ್ಲಿದ್ದದ್ದೇ ಅವಳ ಗಂಡನೆಂಬ ಕಾಗದದ ಮೇಲೆ. ರೈಲಿಗೆ ಸೂಟ್‌ಕೇಸು ಹತ್ತಿಸಿಕೊಟ್ಟ. ಭಾನುವಾರ ಫೋನ್ ಮಾಡಲೇ ಅಂದ. ಮಾಡಿ ಅಂದಳು.

ತೋಟ ಬಿಟ್ಟುಕೊಟ್ಟು, ಮನೆ ಖಾಲಿ ಮಾಡುವ ಹೊತ್ತಿಗೆ ಅವನು ತಾನು ಬರುವ ದಿನ ತಿಳಿಸಲು ಹುಬ್ಬಳ್ಳಿಯ ಅತ್ತೆಯ ಮನೆಗೆ ಫೋನ್ ಮಾಡಿದ. ಎತ್ತಿದವಳು ಅನ್ನಪೂರ್ಣವ್ವ. ಅವನು ವಿಮಾನದ ದಿನ, ಹೊತ್ತು ಹೇಳಿದ.

"ಅಕಿ ನನಗ ಫೋನ್ ಮಾಡಂಗಿಲ್ರಿ" ಅಂದಳು ಆಕೆ. "ನಿಮಗ ಮಾಡ್ತಾಳೇನು?"

ಕಳೆದ ಭಾನುವಾರ ಅವನೇ ಮಾಡಿದ್ದ. ಗಂಟೆ ಹೊಡೆದು ಹೊಡೆದು ನಿಂತುಹೋಗಿತ್ತು.

"ಮಾಡ್ತಾಳ್ರಿ. ಆರಾಮಿದ್ದಾಳ" ಅಂದ.