ಅಮಾವಾಸ್ಯೆಯಂದು ನಿಲ್ಲದ ಯಂತ್ರ

ದತ್ತು ಕಾಕಾರ ಖಾರದಪುಡಿ ಕಾರ್ಖಾನೆಗೆ ಮ್ಯಾನೇಜರ್ ಆಗಿ ಬಂದ ಶೈನಿಗೆ ಹಿಂದೆ ಕೆಲಸಕ್ಕಿದ್ದ ಡೇರಿಯ ಎರಡು ಪಟ್ಟು ಸಂಬಳ ಸಿಕ್ಕಿತು, ಏಸಿ ಕೋಣೆ ಸಿಕ್ಕಿತು. ವಿದ್ಯಾನಗರದ ನೆರೆಹೊರೆಯವರು ಸಾಕಷ್ಟು ಹೊಟ್ಟೆ ಉರಿದುಕೊಂಡರು. ಸಿಗದೆ ಹೋದದ್ದು, ಇಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ಕೂತು ಹೇಳಿಕೊಡುವ ಒಬ್ಬ ಮನುಷ್ಯ. ಕಾಕಾರನ್ನು ಕೇಳಿದರೆ, ವಿನೀತನನ್ನು ಕೇಳು ಅನ್ನುತ್ತಿದ್ದರು. ಲೆಕ್ಕ ನೋಡುವ ವಿನೀತ, ಅದನ್ನೆಲ್ಲ ಮಾಲಕರನ್ನೇ ಕೇಳಬೇಕು ಎಂದು ನುಣುಚಿಕೊಳ್ಳುತ್ತಿದ್ದ.

ಆದರೂ ಶೈನಿ ಎದೆಗುಂದಲಿಲ್ಲ. ದತ್ತು ಕಾಕಾ ಅವಳ ಅಪ್ಪನ ಶಾಲೆಯ ಗೆಳೆಯರು. ಅಪ್ಪ, ಪ್ರಭುದಾಸ ಮಾಸ್ತರರು, ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಅಂಥವರು ಕೈಬಿಟ್ಟಾರೆಯೇ? ಹುಚ್ಚು ಹುಡುಗಿ, ಕಣ್ಣು ಮುಚ್ಚಿ ನಂಬಿದಳು.

ಆಗ ಬೆಳಗಾವಿಯ ದೊಡ್ಡ ವ್ಯಾಪಾರಿಯೊಬ್ಬರಿಂದ ಆರ್ಡರ್ ಬಂತು. ಗಡುವಿನೊಳಗೇ ಒಂದು ಅಮಾವಾಸ್ಯೆ ಬೀಳುತ್ತಿತ್ತು. ಅವತ್ತು ಯಂತ್ರ ನಿಲ್ಲಿಸಿ ಪೂಜೆ ಮಾಡುವುದು ನಮ್ಮ ರೂಢಿ ಎಂದ, ಖಾರ ಬೀಸುವ ಯಂಕಣ್ಣ. ಧಾರವಾಡದಲ್ಲೇ ಹುಟ್ಟಿ ಬೆಳೆದವಳಿಗೆ ಅಮಾವಾಸ್ಯೆಯ ಪೂಜೆ ಹೊಸದೇ? ಹೂವು, ತೆಂಗಿನಕಾಯಿ ಅವಳೇ ತರಿಸಿದಳು. ಆದರೆ ಇಡೀ ದಿನ ನಿಲ್ಲಿಸಬೇಕೇ ಎಂದು ಕೇಳಲು, ವಿನೀತನ ಎದುರಿಗೇ ಕಾಕಾರಿಗೆ ಫೋನ್ ಹಚ್ಚಿದಳು.

“ಕಾಯಿ ಒಡದು ಚಾಲೂ ಮಾಡವಾ. ಏನರೆ ಆದ್ರ ನಾ ಇದ್ದೇನಿ,” ಎಂದರು ಕಾಕಾ.

ಯಂತ್ರ ನಡೆಯಿತು. ಮರುದಿನವೇ ಕರಕರ ಎಂದು ಬೇರಿಂಗ್ ಸುಟ್ಟು ನಿಂತಿತು. ಆರ್ಡರ್ ಅರ್ಧಕ್ಕೇ ಉಳಿಯಿತು. ಆಮೇಲೆ ತಿಳಿಯಿತು: ಅಲ್ಲಿ ಯಂತ್ರ ಬಿಚ್ಚಿ, ತೊಳೆದು, ಗ್ರೀಸ್ ತುಂಬುವುದು ಅಮಾವಾಸ್ಯೆಯಂದು ಮಾತ್ರ, ಕಾಯಿ ಒಡೆಯುವ ಮುಂಚೆ. ಯಂಕಣ್ಣನ ಪಾಲಿಗೆ ಅದೂ ಪೂಜೆಯ ಭಾಗವೇ. ಬೇರೆ ಬಿಡಿಸಿ ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಕಾಕಾರಿಗೆ ಗೊತ್ತಿತ್ತು. ಒಂದು ಸಲ ತಪ್ಪಿದರೆ ಏನಾದೀತು ಎಂದುಕೊಂಡಿದ್ದರಂತೆ.

ಬೆಳಗಾವಿಯ ವ್ಯಾಪಾರಿ ಸಿಟ್ಟಿನಿಂದ ಕಾರ್ಖಾನೆಗೇ ಬಂದು ಕೂತರು. ಶೈನಿ ಬಾಯಿ ತೆರೆಯುವ ಮೊದಲೇ ಕಾಕಾ ನಕ್ಕು ಮಾತು ತೆಗೆದರು.

“ನನ್ನ ಕೇಳದೇ ಮಷೀನ್ ಚಾಲೂ ಮಾಡ್ಯಾರ್ರಿ ಇವರು. ಕ್ರಿಶ್ಚಿಯನ್ ಮಂದಿ, ನಮ್ಮ ಅಮಾಸಿ ಇವರಿಗೆ ಹೆಂಗ ತಿಳೀಬೇಕು?”

ಶೈನಿ ವಿನೀತನತ್ತ ನೋಡಿದಳು. ಫೋನಿನ ಮಾತು ಕಿವಿಯಾರೆ ಕೇಳಿದ್ದ ಆಸಾಮಿ ಪೆನ್ನಿನ ಟೊಪ್ಪಿಗೆ ತೆಗೆದು ಹಾಕುತ್ತ ಕೂತಿದ್ದ. ತಪ್ಪು ಹೊರಿಸಿದ್ದನ್ನು ಹೇಗೋ ನುಂಗಬಹುದಿತ್ತು. ತನ್ನ ಊರಲ್ಲೇ ತನ್ನನ್ನು ಹೊರಗಿನವಳನ್ನಾಗಿ ಮಾಡಿದ್ದು ಗಂಟಲಲ್ಲಿ ಇಳಿಯಲಿಲ್ಲ.

ವ್ಯಾಪಾರಿ ಹೋದ ಮೇಲೆ ಅವಳು ಕಾಕಾರ ಕೋಣೆಗೆ ಹೋಗಿ ನಿಂತೇ ಮಾತಾಡಿದಳು. ಆ ವ್ಯಾಪಾರಿಗೆ ಈಗಲೇ ಫೋನ್ ಮಾಡಿ ನಿಜ ಹೇಳಿ ಎಂದಳು. ಕಾಕಾ ಸಮಾಧಾನವಾಗಿಯೇ ಇದ್ದರು. ಬೇಜಾರು ಮಾಡಿಕೊಳ್ಳಬೇಡ, ಕೆಲಸಕ್ಕೂ ಸಂಬಳಕ್ಕೂ ಧಕ್ಕೆಯಿಲ್ಲ, ಕಂಪನಿಯ ಹೆಸರು ಉಳಿಯಬೇಕಲ್ಲ ಎಂದರು.

“ಮತ್ತ ನನ್ನ ಹೆಸರು, ಕಾಕಾ?”

“ನಿನ್ನ ಹೆಸರು ಇಲ್ಲೆ ಇನ್ನೂ ಯಾರಿಗೆ ಗೊತ್ತದ ತಗೋ,” ಎಂದು ಕಾಕಾ ಚಹಾಕ್ಕೆ ಗಂಟೆ ಒತ್ತಿದರು.

ಶೈನಿ ಬಾಗಿಲ ಕಡೆಗೆ ತಿರುಗಿದಳು.

“ನಮ್ಮ ಅಪ್ಪನ ಹೆಸರರೆ ನಿಮಗ ಗೊತ್ತಿತ್ತಲ್ರಿ,” ಎಂದಳು.

ಕಾಕಾ ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡತೊಡಗಿದರು. ಚಹಾ ಬರುವುದರೊಳಗೆ ಅವಳು ಗೇಟು ದಾಟಿದ್ದಳು.