ಮುತ್ಯಾಲಮ್ಮ ಲಾರಿ ಹತ್ತಿದ್ದು

ಮಾಲೂರಿನ ನಮ್ಮ ಕಾರ್ಖಾನೆಗೆ ನೀಲಿ ಬೆಂಕಿಯಲ್ಲಿ ಕಬ್ಬಿಣ ಕತ್ತರಿಸುವ ಪ್ಲಾಸ್ಮಾ ಯಂತ್ರ ಬಂದದ್ದು ಎಂಬತ್ತೇಳರಲ್ಲಿ. ನಾನು ಅಲ್ಲಿ ನಕ್ಷೆ ಬರೆಯುವವಳು. ಲಾರಿಯ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೇಕಾದ ಬಿಡಿಭಾಗಗಳನ್ನು ಹಾಳೆಯ ಮೇಲೆ ಬರೆದು, ಆ ಗೆರೆಗಳನ್ನೆಲ್ಲ ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಉಣಿಸುವುದು ನನ್ನ ಕೆಲಸ. ಶ್ಯಾಮಲಮ್ಮನ ಬಾಯಿ ಇರುವಾಗ ಕಬ್ಬಿಣ ಕತ್ತರಿಸಲು ಯಂತ್ರ ಯಾಕೆ ತರಬೇಕಿತ್ತು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ನನಗೆ ಸಿಟ್ಟು ಬೇಗ ಬರುತ್ತದೆ, ನಿಜ. ಕನಸೂ ಅಷ್ಟೇ ಬೇಗ ಬರುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಟೇಕಲ್ಲಿನಿಂದ ಬೆಳಗಿನ ರೈಲು ಹತ್ತಿದರೆ ಕಿಟಕಿಯ ಪಕ್ಕ ಕುಳಿತು ಅರೆನಿದ್ದೆ ಮಾಡುತ್ತಿದ್ದೆ. ಬೆಟ್ಟದ ಬಂಡೆಗಳು ಮಂಜಿನಲ್ಲಿ ಒಂದೊಂದಾಗಿ ಕಳಚಿಕೊಂಡು ತೇಲಿ ಬರುವಂತೆ ಕಾಣುತ್ತಿತ್ತು. ನಾನು ಬರೆಯುವ ಬಿಡಿಭಾಗಗಳಿಗೆ ಚೂಪು ಮೂಲೆ ಇರುವುದಿಲ್ಲ, ಇದ್ದರೆ ಬಿರುಕು ಶುರುವಾಗುವುದೇ ಅಲ್ಲಿಂದ. ದುಂಡಗಿನ ಆ ಮೂಲೆಗಳನ್ನು ಎಷ್ಟೋ ಸಲ ಆ ಬಂಡೆಗಳನ್ನು ನೋಡಿಯೇ ಬರೆದಿದ್ದೇನೆ.

ಗಂಗುಲಪ್ಪ ಬಂದದ್ದು ಅಂಥದೇ ಒಂದು ಬೆಳಿಗ್ಗೆ. ಗೌನಿಪಲ್ಲಿಯವನು. ಸ್ವಂತದ್ದೊಂದು ಹಳೆಯ ಲಾರಿಯಲ್ಲಿ ಮಾವಿನಕಾಯಿ ತುಂಬಿಕೊಂಡು ಮದರಾಸಿಗೆ ಹೊಡೆಯುತ್ತಿದ್ದ. ಬೆರಳಿಗೆ ಎರಡು ದಾರ ಸುತ್ತಿಕೊಂಡು ನನ್ನ ಮೇಜಿನ ಮುಂದೆ ನಿಂತು, ಕ್ಯಾಬಿನ್ನಿಗೆ ಹತ್ತಲು ಚಾಸಿಯಿಂದ ಇಳಿಬಿಟ್ಟಂತೆ ಮೆಟ್ಟಿಲು ಬೇಕು ಎಂದ. ಯಾರಿಗೆ ಎಂದೆ. ಹಮಾಲಿಗಳಿಗೆ ಎಂದ. ಕೋತಿಗಳ ಹಾಗೆ ಚಕ್ರದ ಮೇಲೆ ಕಾಲಿಟ್ಟು ಹಾರುವ ಹಮಾಲಿಗಳಿಗೆ ಮೆಟ್ಟಿಲು ಮಾಡಿಸುವ ಪುಣ್ಯಾತ್ಮನನ್ನು ನಾನು ಈವರೆಗೆ ಕಂಡಿಲ್ಲ, ನಿಜ ಹೇಳದಿದ್ದರೆ ನಕ್ಷೆ ಬರೆಯುವುದಿಲ್ಲ ಎಂದು ಗದರಿದೆ. ಅವನು ತಲೆ ತಗ್ಗಿಸಿ ನಕ್ಕ.

ಮೆಟ್ಟಿಲು ಅವನ ಹೆಂಡತಿ ಮುತ್ಯಾಲಮ್ಮನಿಗೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಪ್ರತಿ ಸುಗ್ಗಿಯಲ್ಲೂ ತೋಪಿನಲ್ಲಿ ಕುಳಿತು ಬುಟ್ಟಿಗೆ ಹುಲ್ಲು ಹಾಸಿ ಕಾಯಿ ಜೋಡಿಸುವವಳು ಅವಳೇ. ಹಸಿರಾಗಿ ಹೊರಟ ಕಾಯಿ ಹುಲ್ಲಿನಲ್ಲಿ ನಿದ್ದೆಹೋಗಿ ಎಲ್ಲೋ ದೂರದಲ್ಲಿ ಹಣ್ಣಾಗಿ ಏಳುತ್ತದಲ್ಲ, ಆ ಜಾಗವನ್ನು ಒಮ್ಮೆ ನೋಡಬೇಕು ಎನ್ನುವುದು ಅವಳ ಆಸೆ. ಆದರೆ ಲಾರಿ ಎತ್ತರ. ಎತ್ತಿ ಕೂರಿಸುತ್ತೇನೆ ಎಂದು ಗಂಡ ಎಷ್ಟೋ ಸಲ ಕರೆದಿದ್ದ. ಊರವರ ಮುಂದೆ ಕೂಸಿನ ಹಾಗೆ ಎತ್ತಿಸಿಕೊಂಡು ಹೋಗುವುದಕ್ಕಿಂತ ಹೋಗದಿರುವುದೇ ಮೇಲು ಎಂದು ಅವಳು ಹಟ ಹಿಡಿದಿದ್ದಳು.

"ಅವಳ ಕಾಲಲ್ಲಿ ಅವಳೇ ಹತ್ಬೇಕಂತಮ್ಮಾ," ಎಂದ ಗಂಗುಲಪ್ಪ. "ಅಷ್ಟು ಮಾಡ್ಕೊಟ್ರೆ ಸಾಕು."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಆ ದಾರಗಳನ್ನು ಇಸಿದುಕೊಂಡೆ. ಚಿಕ್ಕದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಎತ್ತರ. ಏನನ್ನೂ ಹಿಡಿಯದೆ ಮುತ್ಯಾಲಮ್ಮ ದಿನಾ ಹತ್ತುವುದು ಅಷ್ಟೇ ಎತ್ತರವನ್ನು. ಉದ್ದನೆಯದು, ನೆಲದಿಂದ ಲಾರಿಯ ಚಾಸಿಯವರೆಗೆ. ಎರಡನ್ನೂ ಹಲಗೆಯ ಮೇಲೆ ಚಾಚಿ ಅಳತೆ ತೆಗೆದುಕೊಂಡೆ.

ಆ ವಾರ ಮೆಟ್ಟಿಲುಗಳು ನನ್ನ ಕಣ್ಣೊಳಗೇ ಇದ್ದವು. ಚಾಸಿಯ ಮೇಲಂಚಿಗೂ ಕೆಳಂಚಿಗೂ ತೂತು ಹಾಕಬಾರದು, ಹಾಕಿದರೆ ಅದರ ಬಲವೇ ಹೋಗುತ್ತದೆ. ಹಾಗಾಗಿ ನಡುವಿನ ಗೋಡೆಗೆ ಬೋಲ್ಟು ಹಾಕಿ ಬಿಗಿಯುವಂಥ ಎರಡು ತೋಳು, ಅವುಗಳ ನಡುವೆ ಮೂರು ಮೆಟ್ಟಿಲು ಬರೆದೆ. ಅವಳ ಕಾಲು ಜಾರದಿರಲಿ ಎಂದು ಮೆಟ್ಟಿಲಿನ ತುಂಬ ತೂತು ಬರೆದೆ, ಕೆಸರು ಕೆಳಗೆ ಬೀಳಲಿ. ಅವಳನ್ನು ನಾನು ನೋಡಿರಲೇ ಇಲ್ಲ. ಆದರೂ ರೈಲಿನ ಜೋಂಪಿನಲ್ಲಿ ಅವಳ ಪಾದವೊಂದೇ ಬಂದು ನನ್ನ ಗೆರೆಯ ಮೇಲೆ ಮೆಲ್ಲಗೆ ಊರುತ್ತಿತ್ತು.

ಮೂರು ಮೆಟ್ಟಿಲಿಗಾಗಿ ಕಬ್ಬಿಣದ ಹೊಸ ಪ್ಲೇಟು ಹಾಕುವುದಿಲ್ಲ, ಬೇರೆ ಭಾಗಗಳ ನಡುವೆ ಉಳಿಯುವ ಜಾಗದಲ್ಲಿ ಕತ್ತರಿಸಿಕೋ ಎಂದರು ಯಜಮಾನರು. ನಿದ್ದೆಯಲ್ಲಿರುವ ಮಕ್ಕಳ ನಡುವೆ ಇನ್ನೊಂದು ಮಗುವನ್ನು ತೂರಿಸಿ ಮಲಗಿಸಿದಂತೆ ಅಲ್ಲೊಂದು ಇಲ್ಲೊಂದು ಸೇರಿಸಿದೆ. ಯಂತ್ರ ನೋಡಿಕೊಳ್ಳುವ ಆಂಜಿನಪ್ಪ ಗುಂಡಿ ಒತ್ತಿದ. ಯಾರ ಕೈಯೂ ಇಲ್ಲದೆ ನೀಲಿ ಬೆಳಕು ತಾನೇ ಹೊರಟು, ನನ್ನ ಕೈ ಹೋದ ದಾರಿಯಲ್ಲೇ ಹೋಯಿತು. ಕೆಳಗಿನ ತೊಟ್ಟಿಯ ನೀರು ಅಷ್ಟೂ ಹೊತ್ತು ನೀಲಿಯಾಗಿ ನಡುಗುತ್ತಿತ್ತು. ಕರಿ ಕನ್ನಡಕದೊಳಗೆ ನನ್ನ ಕಣ್ಣು ತುಂಬಿದ್ದನ್ನು ಯಾರೂ ನೋಡಲಿಲ್ಲ, ಪುಣ್ಯ.

ಗಂಗುಲಪ್ಪ ಮೆಟ್ಟಿಲು ಒಯ್ದು ತನ್ನೂರಿನಲ್ಲೇ ಬಿಗಿಸಿದ. ಮೊದಲ ಸಲ ಹತ್ತುವಾಗ ನಾನು ಇರಲೇಬೇಕೆಂದು ಹೇಳಿಕಳಿಸಿದ. ಭಾನುವಾರ ಶ್ರೀನಿವಾಸಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೌನಿಪಲ್ಲಿಗೆ ಹೋದೆ. ದಾರಿಯುದ್ದಕ್ಕೂ ಮಾವಿನ ಸೊನೆಯ ವಾಸನೆ.

ತೋಪಿನಲ್ಲಿ ಲಾರಿ ಖಾಲಿ ನಿಂತಿತ್ತು. ಮುತ್ಯಾಲಮ್ಮ ಹೊಸ ಸೀರೆ ಉಟ್ಟು, ಹೂ ಮುಡಿದು ಕಾಯುತ್ತಿದ್ದಳು. ನನ್ನ ಕೈ ಹಿಡಿದು, ಬಿಟ್ಟು, ಲಾರಿಯ ಬಳಿ ಹೋಗಿ ಕಾಲೆತ್ತಿದಳು. ಪಾದ ಕೆಳಗಿನ ಮೆಟ್ಟಿಲಿನ ಅಂಚಿಗೆ ತಗುಲಿ ಜಾರಿತು. ಮತ್ತೊಮ್ಮೆ ಎತ್ತಿದಳು. ಅಂಚು ಸಿಗಲೇ ಇಲ್ಲ.

ಮೆಟ್ಟಿಲಿನ ಜೊತೆ ವಾಪಸು ಕೊಟ್ಟಿದ್ದ ದಾರಗಳನ್ನು ತರಿಸಿ ಅಳೆದೆ. ಒಗೆಯುವ ಕಲ್ಲಿಗಿಂತ ಮೆಟ್ಟಿಲು ನಾಲ್ಕು ಬೆರಳು ಎತ್ತರದಲ್ಲಿತ್ತು. ಚಾಸಿಯ ದಾರವೂ ಅಷ್ಟೇ ಗಿಡ್ಡ. ಆಗ ನನಗೆ ಹೊಳೆಯಿತು. ಈ ದಾರ ಹಿಡಿದದ್ದು ಯಾವಾಗ ಎಂದು ಗಂಗುಲಪ್ಪನನ್ನು ಕೇಳಿದೆ. ಮದರಾಸಿನ ಮಂಡಿಯಲ್ಲಿ, ಲೋಡು ಇಳಿಸುವ ಮೊದಲು ಬಿಡುವಿತ್ತು, ಆಗ ಹಿಡಿದೆ ಎಂದ. ಲೋಡು ಬಿದ್ದರೆ ಸ್ಪ್ರಿಂಗಿನ ಪಟ್ಟೆ ಬಗ್ಗಿ ಲಾರಿ ಕೂರುತ್ತದೆ, ಖಾಲಿಯಾದರೆ ಏಳುತ್ತದೆ. ಇಪ್ಪತ್ತು ವರ್ಷ ಲಾರಿ ಹೊಡೆದವನಿಗೆ ಇಷ್ಟೂ ತಿಳಿಯದೇ ಎಂದು ನಾನು ಬಾಯಿಗೆ ಬಂದಂತೆ ಬೈದೆ. ಅವನು ಹೆಂಡತಿಯನ್ನು ಎತ್ತಲೆಂದು ಕೈ ಚಾಚಿದ. ಅವಳು ಹಿಂದೆ ಸರಿದಳು. ಒಂದು ಕಲ್ಲನ್ನಾದರೂ ತಂದಿಡುತ್ತೇನೆ ಎಂದ.

"ಕಲ್ಲಿಟ್ಟು ಹತ್ತೋದಾಗಿದ್ರೆ ಯಾವಾಗ್ಲೋ ಹತ್ತಿರ್ತಿದ್ದೆ," ಎಂದಳು ಮುತ್ಯಾಲಮ್ಮ.

ಹಾಗೆಂದವಳು ಅಳಲಿಲ್ಲ. ಲಾರಿಯನ್ನೂ ದಾರವನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರದ ಕೆಳಗೆ ರಾಶಿ ಬಿದ್ದಿದ್ದ ಕಾಯಿಯ ಮುಂದೆ ಕುಳಿತು, ನಾಳೆಯ ಲೋಡನ್ನು ಇವತ್ತೇ ಹಾಕಿ ಎಂದು ತೋಪಿನಲ್ಲಿದ್ದ ಹಮಾಲಿಗಳಿಗೆ ಹೇಳಿದಳು.

ಆ ಮಧ್ಯಾಹ್ನ ನನಗೆ ಈಗಲೂ ಕನಸೋ ನನಸೋ ತಿಳಿಯುವುದಿಲ್ಲ. ಅವಳು ಹುಲ್ಲು ಹಾಸಿ ಕಾಯಿ ಜೋಡಿಸುವಳು, ಹಮಾಲಿಗಳು ಬುಟ್ಟಿ ಎತ್ತುವರು. ಎಲೆಗಳ ಸಂದಿನಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಎಲ್ಲರ ಬೆನ್ನ ಮೇಲೂ ಓಡಾಡುತ್ತಿತ್ತು. ನಾನೂ ಕುಳಿತು ಕಾಯಿ ಜೋಡಿಸಿದೆ. ಒಂದೊಂದು ಸಾಲು ಬಿದ್ದಂತೆಲ್ಲ ಲಾರಿ ಸಣ್ಣಗೆ ಕಿರುಗುಟ್ಟಿ, ಮಲಗಲು ಮೊಣಕಾಲು ಮಡಿಸುವ ಎತ್ತಿನ ಹಾಗೆ ಇಳಿಯುತ್ತ ಬಂತು. ಎಷ್ಟು ನಿಧಾನವೆಂದರೆ ನೋಡುತ್ತಿದ್ದರೆ ಕಾಣದು, ಕಣ್ಣು ಮುಚ್ಚಿ ತೆರೆದರೆ ಕಾಣುತ್ತಿತ್ತು.

ಕೊನೆಯ ಬುಟ್ಟಿ ಏರಿದ ಮೇಲೆ ಮುತ್ಯಾಲಮ್ಮ ಎದ್ದು ಕೈ ಒರೆಸಿಕೊಂಡಳು. ಕಾಲೆತ್ತಿದಳು. ಪಾದ ಮೆಟ್ಟಿಲಿನ ಮೇಲೆ ಕೂತಿತು. ಸೊರಗಿದ ಕಾಲನ್ನು ಎಳೆದುಕೊಂಡಳು. ಎರಡನೆಯದು, ಮೂರನೆಯದು. ಆಮೇಲೆ ಅವಳು ಕ್ಯಾಬಿನ್ನಿನಲ್ಲಿದ್ದಳು, ನಾವೆಲ್ಲ ಕೆಳಗಿದ್ದೆವು. ಗಂಗುಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ.

"ಏಮಯ್ಯಾ, ಬರಲ್ವಾ?" ಎಂದು ಮೇಲಿನಿಂದ ಗಂಡನನ್ನು ಕೇಳಿದಳು.

ಮೆಟ್ಟಿಲನ್ನು ನಾಲ್ಕು ಬೆರಳು ಇಳಿಸಿ ಹೊಸ ನಕ್ಷೆ ಮಾಡುತ್ತೇನೆ, ಮದರಾಸಿನಿಂದ ಬಂದ ಕೂಡಲೇ ಬಾ ಎಂದು ಗಂಗುಲಪ್ಪನಿಗೆ ಹೇಳಿದೆ. ಮಾತಿನಂತೆ ನಕ್ಷೆ ಬರೆದಿಟ್ಟೆ. ವಾರ ಕಳೆದ ಮೇಲೆ ಬಂದ. ಕುಡಿಯಲು ನೀರು ಕೇಳಿದ, ಕುಡಿದ. ಅಲ್ಲಿ ಏನಾಯಿತು ಎಂದು ನಾನೇ ಕೇಳಬೇಕಾಯಿತು.

ಮಂಡಿ ತಲುಪಿದ ಮೇಲೆ ಅವಳು ತಾನೇ ಇಳಿದಳಂತೆ. ಅವಳು ಜೋಡಿಸಿದ ಬುಟ್ಟಿಗಳನ್ನು ಬಿಚ್ಚುವಾಗ ಪಕ್ಕದಲ್ಲೇ ನಿಂತು, ಬಣ್ಣ ತಿರುಗಿದ್ದ ಒಂದು ಹಣ್ಣನ್ನು ಕೆನ್ನೆಗೆ ಒತ್ತಿಕೊಂಡಳಂತೆ. ಬುಟ್ಟಿಗಳು ಇಳಿದಂತೆ ಲಾರಿ ಮತ್ತೆ ಮೇಲೆದ್ದು ನಿಂತಿತು. ವಾಪಸು ಹೊರಡುವ ಹೊತ್ತಿಗೆ ಮೆಟ್ಟಿಲು ಮತ್ತೆ ಕಾಲಿಗೆ ಸಿಗದು. ಅವನು ಚಕ್ರ ನೋಡುವ ನೆಪದಲ್ಲಿ ಬಗ್ಗಿದ್ದನಂತೆ. ಅಷ್ಟು ಜನ ಓಡಾಡುವ ಜಾಗದಲ್ಲಿ ಅವಳು ಅವನ ಹೆಗಲು ತಟ್ಟಿ ಕೈ ಚಾಚಿದಳಂತೆ.

"ಒಂದ್ಸಲ ನಾನೇ ಹತ್ತಿದೀನಲ್ಲ ಅಂದ್ಲಮ್ಮಾ. ಈಗ ನೀನು ಎತ್ತು ಅಂದ್ಲು."

ಬರೆದಿಟ್ಟಿದ್ದ ನಕ್ಷೆಯನ್ನು ಅವನ ಮುಂದೆ ಸರಿಸಿ, ಯಾವತ್ತು ಕತ್ತರಿಸಲಿ ಎಂದು ಕೇಳಿದೆ. ಅವನು ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ. ಕಿವಿಯವರೆಗೂ ಕೆಂಪಾಗಿದ್ದ.

"ಈಗ್ಲೇ ಬೇಡಮ್ಮಾ," ಎಂದ. "ಈ ಸುಗ್ಗಿ ಹಿಂಗೇ ಇರ್ಲಿ."